ಗುಂಡು ತಿರುಗಿದ ಹಾಗೆ ಕೈಯೂ ಆಡಬೇಕು

ಮಕ್ಕಳೇ, ನಿಮ್ಮ ಅಜ್ಜಿಯನ್ನು ಕೇಳಿ ನೋಡಿ. ಒರಳುಕಲ್ಲಿನಲ್ಲಿ ದೋಸೆಗೆ ರುಬ್ಬುವಾಗ ಒಬ್ಬರು ಗುಂಡು ತಿರುಗಿಸುತ್ತಿದ್ದರು, ಇನ್ನೊಬ್ಬರು ಎದುರಿಗೆ ಕೂತು ಹಿಟ್ಟನ್ನು ಕುಳಿಗೆ ತಳ್ಳುತ್ತಿದ್ದರು. ತಿರುಗಿಸುವವರು ಎಷ್ಟೇ ಗಟ್ಟಿಗರಿರಲಿ, ತಳ್ಳುವ ಕೈ ನಿಧಾನವಾದರೆ ಗುಂಡು ಬರೀ ಕಲ್ಲನ್ನು ಉಜ್ಜುತ್ತದೆ. ತಳ್ಳುವ ಕೈ ಅವಸರ ಮಾಡಿದರೆ ಬೆರಳು ಜಜ್ಜುತ್ತದೆ. ನನ್ನ ತೋರುಬೆರಳಿನ ಉಗುರು ಇವತ್ತಿಗೂ ಸೊಟ್ಟಗಿರುವುದು ಹಾಗೇ.

ಇದು ನೆನಪಾದದ್ದು ಮೊಮ್ಮಗನ ಕಂಪ್ಯೂಟರಿನಿಂದ. ಪಿಯುಸಿ ಓದುವ ಹುಡುಗ, ಬಿಡಿಭಾಗ ತಂದು ತಾನೇ ಜೋಡಿಸಿದ್ದಾನೆ. ಒಳಗಿರುವುದು ರೈಜೆನ್ 5 3600 ಎಂಬ ಪ್ರೊಸೆಸರ್. 2019ರಲ್ಲಿ ಬಂದದ್ದು, ಆರು ಕೋರ್‌ಗಳು, ಮೂಲ ವೇಗ 3.6 ಗಿಗಾಹರ್ಟ್ಸ್. ಇವನು ಆರೂ ಕೋರ್‌ಗಳನ್ನು 4.2ಕ್ಕೆ ಏರಿಸಿ ಕೂರಿಸಿದ. ಇದಕ್ಕೆ ಓವರ್‌ಕ್ಲಾಕ್ ಮಾಡುವುದು ಎನ್ನುತ್ತಾರೆ. ಬಿಸಿ ಹೆಚ್ಚುತ್ತದೆ, ಹೀಗೆ ಓಡಿಸಿ ಕೆಟ್ಟರೆ ಗ್ಯಾರಂಟಿ ಸಿಗುವುದಿಲ್ಲ. ಅದನ್ನು ಮೊದಲೇ ಹೇಳಿದ್ದೆ. ಕೇಳುವ ವಯಸ್ಸೇ?

"ನೋಡು ತಾತ, ಈಗ ಹೆಂಗೆ ಓಡುತ್ತೆ" ಅಂದ. ಅಂಥದ್ದೇನೂ ಓಡಲಿಲ್ಲ. ಕಾರಣ ಹುಡುಕಿದರೆ, ಮೆಮೊರಿ ಪಟ್ಟಿಯ ಮೇಲೆ 3600 ಎಂದು ಅಚ್ಚಾಗಿದೆ, ಅದು ಓಡುತ್ತಿರುವುದು 2133ರಲ್ಲಿ! ಪ್ರೊಸೆಸರನ್ನು ಏರಿಸಿದರೆ ಮೆಮೊರಿ ತಾನಾಗಿ ಏರುವುದಿಲ್ಲ. ಮದರ್‌ಬೋರ್ಡ್ ಮೊದಲು ಎಲ್ಲ ಪಟ್ಟಿಗೂ ಹೊಂದುವ ನಿಧಾನದ ವೇಗವನ್ನೇ ಹಿಡಿಯುತ್ತದೆ. ಬಯೋಸಿಗೆ ಹೋಗಿ ಎಕ್ಸ್‌ಎಂಪಿ ಎಂಬುದನ್ನು ಆರಿಸಿದರೆ ಮಾತ್ರ ಪಟ್ಟಿ ತನ್ನ ಮೇಲೆ ಬರೆದಿರುವ ವೇಗಕ್ಕೆ ಬರುತ್ತದೆ.

ಹಿಂದೆ ಹೀಗಿರಲಿಲ್ಲ. 1998ರ ಸೆಲೆರಾನ್ 300ಎ ಪ್ರೊಸೆಸರಿನ ಕಥೆ ಆಗ ಕಂಪ್ಯೂಟರ್ ಹುಚ್ಚಿನವರಿಗೆಲ್ಲ ಬಾಯಿಪಾಠ. ಬೋರ್ಡಿನ ಬಸ್ ವೇಗ 66 ಮೆಗಾಹರ್ಟ್ಸ್, ಅದರ ನಾಲ್ಕೂವರೆ ಪಟ್ಟು 300. ಬಸ್ಸನ್ನು 100 ಮಾಡಿದರೆ ಪ್ರೊಸೆಸರ್ 450! ಆದರೆ ಬಸ್ಸಿನ ಜೊತೆ ಮೆಮೊರಿಯೂ 100ಕ್ಕೆ ಏರಬೇಕಿತ್ತು. 66ಕ್ಕೆಂದು ಮಾಡಿದ ಹಳೆಯ ಪಟ್ಟಿ ಮುಗ್ಗರಿಸಿದರೆ ಪಿಸಿ100 ಎಂಬ ಹೊಸ ಪಟ್ಟಿ ತರಬೇಕು.

ಈಗ 3600 ಎಂಬ ಅಂಕಿಯ ಗುಟ್ಟು. ಮೆಮೊರಿಯ ಗಡಿಯಾರ ನಿಜಕ್ಕೂ ಬಡಿಯುವುದು ಸೆಕೆಂಡಿಗೆ 180 ಕೋಟಿ ಸಲ, ಅಂದರೆ 1800 ಮೆಗಾಹರ್ಟ್ಸ್. ಒಂದೊಂದು ಬಡಿತಕ್ಕೂ ಎರಡು ಸಲ ಮಾಹಿತಿ ಸಾಗುವುದರಿಂದ 3600 ಎಂದು ಬರೆಯುತ್ತಾರೆ. ಈ ಪ್ರೊಸೆಸರಿನ ಒಳಗೆ ಭಾಗಗಳನ್ನು ಜೋಡಿಸುವ ಇನ್ಫಿನಿಟಿ ಫ್ಯಾಬ್ರಿಕ್ ಎಂಬ ದಾರಿಯೂ ಆಗ 1800ರಲ್ಲೇ ನಡೆಯುತ್ತದೆ. ಇದೇ 1:1, ಗುಂಡು ಮತ್ತು ಕೈ ಒಂದೇ ತಾಳದಲ್ಲಿ. ಗೆಳೆಯನೊಬ್ಬ "4000 ಹಾಕೋ" ಎಂದನಂತೆ. ಅಷ್ಟಕ್ಕೆ ಹೋದರೆ ಬೋರ್ಡ್ ಸಾಮಾನ್ಯವಾಗಿ ತಾಳವನ್ನು 2:1ಕ್ಕೆ ಇಳಿಸುತ್ತದೆ. ಅಂಕಿ ದೊಡ್ಡದು, ಕಾಯುವುದೂ ಹೆಚ್ಚು.

ಕಾಯುವುದಕ್ಕೂ ಒಂದು ಅಂಕಿಯಿದೆ. ಇವನ ಪಟ್ಟಿಯಲ್ಲಿ ಅದು 18. ಕೇಳಿದ ಮೇಲೆ ಉತ್ತರ ಹೊರಡಲು 18 ಬಡಿತ ಬೇಕು. 18ನ್ನು 180 ಕೋಟಿಯಿಂದ ಭಾಗಿಸಿ: 10 ನ್ಯಾನೊಸೆಕೆಂಡ್. ಅಷ್ಟರಲ್ಲಿ ಬೆಳಕು ಹೋಗುವುದೇ ಮೂರು ಮೀಟರ್! ಆದರೂ 4.2 ಗಿಗಾಹರ್ಟ್ಸ್ ಪ್ರೊಸೆಸರಿಗೆ ಅದು 42 ಬಡಿತ. (3200ರ ಪಟ್ಟಿಗೆ 16 ಇದ್ದರೆ ಎಷ್ಟು ಕಾಯಬೇಕು? ಲೆಕ್ಕ ಹಾಕಿ, ನಿಮಗೇ ಆಶ್ಚರ್ಯವಾಗುತ್ತದೆ.)

ನಮ್ಮವನು 18ನ್ನು 14ಕ್ಕೆ ಇಳಿಸಿದ. ಕಂಪ್ಯೂಟರ್ ಶುರುವಾಯಿತು, ಆಟವೂ ಓಡಿತು. ಅದೇ ದಿನ ಅವನ ಅಜ್ಜಿ ಪೆನ್‌ಡ್ರೈವಿನಲ್ಲಿದ್ದ ಹಳೆಯ ಫೋಟೊಗಳನ್ನೆಲ್ಲ ಅದಕ್ಕೆ ತುಂಬಿಸಿ, ಪೆನ್‌ಡ್ರೈವ್ ಖಾಲಿ ಮಾಡಿದಳು. ವಾರದ ಮೇಲೆ ತೆರೆದರೆ ಏಳು ಫೋಟೊಗಳಲ್ಲಿ ಅರ್ಧದಿಂದ ಕೆಳಗೆ ಬರೀ ಬೂದು ಬಣ್ಣ. ಮೆಮೊರಿಯಲ್ಲಿ 0 ಇದ್ದದ್ದು ಒಂದು ಕಡೆ 1 ಆದರೆ ಸಾಕು, ಚಿತ್ರ ಅಲ್ಲಿಂದಾಚೆಗೆ ಕೆಡಬಹುದು. ಕಂಪ್ಯೂಟರ್ ಒಂದು ಮಾತೂ ಹೇಳುವುದಿಲ್ಲ. ನಿಂತುಹೋಗುವ ಕಂಪ್ಯೂಟರಿಗಿಂತ ಹೀಗೆ ಸುಮ್ಮನೆ ತಪ್ಪು ಬರೆಯುವ ಕಂಪ್ಯೂಟರೇ ಅಪಾಯ.

ಅವನ ಮುಖ ನೋಡಲಾಗಲಿಲ್ಲ. ಬಯ್ಯುವವರೂ ಯಾರಿರಲಿಲ್ಲ; ಅಜ್ಜಿ ಮಾತೇ ಆಡಲಿಲ್ಲ.

ಆ ರಾತ್ರಿ ಮೆಮ್‌ಟೆಸ್ಟ್86+ ಎಂಬ ಉಚಿತ ತಂತ್ರಾಂಶವನ್ನು ಪೆನ್‌ಡ್ರೈವಿನಿಂದ ಓಡಿಸಿದೆವು. ಅದು ಮೆಮೊರಿಯ ಮನೆಮನೆಗೂ ಅಂಕಿ ಬರೆದು, ಮತ್ತೆ ಓದಿ, ತಾಳೆ ನೋಡುತ್ತದೆ. ಇಪ್ಪತ್ತು ನಿಮಿಷಕ್ಕೆ ಕೆಂಪು ಸಾಲುಗಳು ಬಂದವು. 18ಕ್ಕೆ ಮರಳಿಸಿ ಬೆಳಗಿನವರೆಗೆ ಓಡಿಸಿದಾಗ ಒಂದೂ ತಪ್ಪಿಲ್ಲ. ಈ ಪರೀಕ್ಷೆ ಮೊದಲೇ ಆಗಬೇಕಿತ್ತು, ಒಂದೊಂದು ಅಂಕಿ ಬದಲಿಸಿದಾಗಲೂ. (ಅಂಕಿ ಬದಲಿಸಿ ಕಂಪ್ಯೂಟರ್ ಶುರುವಾಗದೇ ಹೋದರೆ, ಕರೆಂಟ್ ತೆಗೆದು, ಬೋರ್ಡಿನ ಮೇಲಿನ ಗುಂಡು ಬ್ಯಾಟರಿಯನ್ನು ಸ್ವಲ್ಪ ಹೊತ್ತು ಬಿಚ್ಚಿಟ್ಟು ಹಾಕಿದರೆ ಸಾಮಾನ್ಯವಾಗಿ ಎಲ್ಲ ಮೊದಲಿನಂತಾಗುತ್ತದೆ. ಮನೆಯ ದೊಡ್ಡವರನ್ನು ಜೊತೆಗಿಟ್ಟುಕೊಳ್ಳಿ.)

ನಿಮ್ಮ ಮನೆಯ ವಿಂಡೋಸ್ ಕಂಪ್ಯೂಟರಿನಲ್ಲಿ ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಒಟ್ಟಿಗೆ ಒತ್ತಿ. ಪರ್ಫಾರ್ಮೆನ್ಸ್, ಅದರೊಳಗೆ ಮೆಮೊರಿ. ಸ್ಪೀಡ್ ಎಂಬಲ್ಲಿ ಎಷ್ಟಿದೆ ನೋಡಿ, ಪಟ್ಟಿಯ ಬಿಲ್ಲಿನಲ್ಲಿ ಎಷ್ಟು ಬರೆದಿದೆ ಹೋಲಿಸಿ. ನೋಡುವುದರಿಂದ ಏನೂ ಕೆಡುವುದಿಲ್ಲ.

ಏಳರಲ್ಲಿ ಐದು ಫೋಟೊ ಆಲ್ಬಮ್ಮಿನಲ್ಲಿ ಇನ್ನೂ ಇವೆ. ಭಾನುವಾರ ಅಜ್ಜಿ, ಮೊಮ್ಮಗ ಕೂತು ಮತ್ತೆ ಸ್ಕ್ಯಾನ್ ಮಾಡುತ್ತಾರಂತೆ. ಉಳಿದ ಎರಡರ ಪ್ರತಿ ಚಿಕ್ಕಮಗಳೂರಿನ ಭಾವನ ಮನೆಯಲ್ಲಿ ಇದ್ದರೂ ಇರಬಹುದು. ನಾಳೆ ಫೋನ್ ಮಾಡಬೇಕು.