ಜಾಂಬೂರಿ ಕೇರಿಯಿಂದ ಶುರುವಾಗಲಿ



ನಮ್ಮ ಆಫೀಸಿನ ಸಹೋದ್ಯೋಗಿಯೊಬ್ಬರು ಮೊನ್ನೆ ಹಳೇ ಫೋಟೊ ಒಂದನ್ನ ಮತ್ತೆ ಸ್ಟೇಟಸ್‌ಗೆ ಹಾಕಿದ್ರು. 2022ರ ಡಿಸೆಂಬರ್ 21ರಿಂದ 27ರವರೆಗೆ ಮೂಡುಬಿದಿರೆಯಲ್ಲಿ ನಡೆದ ಸ್ಕೌಟ್ಸ್ ಗೈಡ್ಸ್ ಅಂತಾರಾಷ್ಟ್ರೀಯ ಸಾಂಸ್ಕೃತಿಕ ಜಾಂಬೂರಿಯದ್ದು. ಅವರ ಮಗ ವಿದೇಶದ ಹುಡುಗನ ಹೆಗಲ ಮೇಲೆ ಕೈ ಹಾಕಿ ನಗ್ತಾ ನಿಂತಿದ್ದಾನೆ. ಕೆಳಗೆ 'ವಸುಧೈವ ಕುಟುಂಬಕಂ' ಅಂತ ಬರೆದಿದ್ದಾರೆ.

ಮಗು ಖುಷಿಯಾಗಿದೆ, ನನಗೂ ಖುಷಿಯೇ. ಆದ್ರೆ ಇದೇ ಮಹಾನುಭಾವರ ಗೃಹಪ್ರವೇಶಕ್ಕೆ ಹೋದಾಗ ಎಲ್ಲರಿಗೂ ಒಳಗೆ ಎಲೆ ಹಾಕಿ ಬಡಿಸಿದ್ರು. ನನಗೂ ನಮ್ಮವರೇ ಆದ ಅಟೆಂಡರ್‌ಗೂ ಹೊರಗಡೆ ಪೇಪರ್ ಪ್ಲೇಟು. 'ಒಳಗೆ ರಷ್ ಇದೆ ಸಾರ್' ಅಂದ್ರು. ವಸುಧೆಯಲ್ಲಿ ಎಲ್ಲರಿಗೂ ಜಾಗ ಇದೆ ಸ್ವಾಮಿ, ನಿಮ್ಮ ಹಜಾರದಲ್ಲಿ ಮಾತ್ರ ಇರ್ಲಿಲ್ಲ.

ಆ ಜಾಂಬೂರಿಗೆ ಮೂರು ತಿಂಗಳ ಮುಂಚೆ ಏನಾಯ್ತು ನೆನಪಿದೆಯಾ? ನಮ್ಮ ಹೊಸಕೋಟೆ ಪಕ್ಕದ ಮಾಲೂರು ತಾಲೂಕಿನ ಉಳ್ಳೇರಹಳ್ಳಿಯಲ್ಲಿ ದೇವರ ಉತ್ಸವದ ಕೋಲು ಮುಟ್ಟಿದ ಅಂತ ನಮ್ಮ ಹುಡುಗನೊಬ್ಬನ ಮನೆಯವರಿಗೆ 60 ಸಾವಿರ ದಂಡ ಹಾಕಿದ್ರು. ಕಟ್ಟದಿದ್ರೆ ಊರು ಬಿಡಿ ಅಂದ್ರು. ಹುಡುಗನಿಗೆ ಹದಿನೈದು ವರ್ಷ. ಜಾಂಬೂರಿಗೆ ಹೋಗೋ ವಯಸ್ಸೇ ಅದು. ಅವನ ವಾರಿಗೆಯ ಮಕ್ಕಳು ಡಿಸೆಂಬರ್‌ನಲ್ಲಿ ಕೋಲಿಗೆ ಬಾವುಟ ಕಟ್ಟಿಕೊಂಡು ವಿಶ್ವಬಂಧುತ್ವದ ಮೆರವಣಿಗೆ ಹೋದ್ರು. ಇವನು ಕೋಲು ಮುಟ್ಟಿದ್ದೇ ಅಪರಾಧ.

ಸ್ವಲ್ಪ ಚರಿತ್ರೆ ನೋಡೋಣ. 1907ರ ಆಗಸ್ಟ್‌ನಲ್ಲಿ ಬೇಡನ್ ಪೊವೆಲ್ ಇಂಗ್ಲೆಂಡಿನ ಬ್ರೌನ್‌ಸೀ ದ್ವೀಪದಲ್ಲಿ ಮೊದಲ ಶಿಬಿರ ಮಾಡಿದ. ಇಪ್ಪತ್ತು ಚಿಲ್ಲರೆ ಹುಡುಗರು. ಶ್ರೀಮಂತರ ಶಾಲೆಯ ಮಕ್ಕಳನ್ನೂ ಕೂಲಿ ಕಾರ್ಮಿಕರ ಮಕ್ಕಳನ್ನೂ ಬೇಕಂತಲೇ ಒಂದೇ ಪೆಟ್ರೋಲಿನಲ್ಲಿ ಬೆರೆಸಿದ. ಆತ ಸಾಮ್ರಾಜ್ಯಶಾಹಿಯ ಸೇನಾಧಿಕಾರಿ, ನಾನೇನೂ ಅವನ ಭಕ್ತನಲ್ಲ. ಆದ್ರೆ ಮೊದಲು ಬೆರೆಸಿದ್ದು ತನ್ನದೇ ಸಮಾಜದ ಮೇಲು ಕೀಳನ್ನ. ದೇಶ ದೇಶಗಳ ಜಾಂಬೂರಿ ನಡೆದಿದ್ದು ಆಮೇಲೆ, 1920ರಲ್ಲಿ. ನಾವು ಮೊದಲನೇದನ್ನ ಬಿಟ್ಟು ಎರಡನೇದನ್ನ ಹಿಡ್ಕೊಂಡ್ವಿ.

ನಮ್ಮಲ್ಲಿ ಸ್ಕೌಟ್ಸ್ ಶುರುವಾಗಿದ್ದು 1909ರಲ್ಲಿ, ಇದೇ ಬೆಂಗಳೂರಿನಲ್ಲಿ. ಆಗ ಯುರೋಪಿಯನ್, ಆಂಗ್ಲೋ ಇಂಡಿಯನ್ ಮಕ್ಕಳಿಗೆ ಮಾತ್ರ. ಈ ಅವಮಾನ ಸಹಿಸದೆ ಆನಿ ಬೆಸೆಂಟ್ 1917ರಲ್ಲಿ ಭಾರತೀಯ ಮಕ್ಕಳಿಗೆ ಬೇರೆ ಸಂಘ ಕಟ್ಟಿದ್ರು. ನಮ್ಮ ದೊಡ್ಡಬಳ್ಳಾಪುರದ ಸ್ಕೌಟ್ಸ್ ತರಬೇತಿ ಕೇಂದ್ರಕ್ಕೆ ಅವರದೇ ಹೆಸರು. ಆದ್ರೆ ಇದೇ ಬೆಸೆಂಟ್ 1909ರಲ್ಲಿ ಬರೆದ ಲೇಖನದಲ್ಲಿ ನಮ್ಮ ಮಕ್ಕಳ ಮೈವಾಸನೆಯ ಮಾತೆತ್ತಿ, ಮೇಲ್ಜಾತಿ ಮಕ್ಕಳ ಜೊತೆ ಒಂದೇ ಶಾಲೆಯಲ್ಲಿ ಕೂರಿಸೋದನ್ನ ವಿರೋಧಿಸಿದ್ರು. ಇದು ನಾನು ಕಟ್ಟಿದ ಕತೆಯಲ್ಲ. ಬಾಬಾಸಾಹೇಬರು 1945ರ ತಮ್ಮ ಪುಸ್ತಕದಲ್ಲಿ ಅದನ್ನ ಎತ್ತಿ ತೋರಿಸಿದ್ದಾರೆ. ಬಿಳಿಯರು ಮುಚ್ಚಿದ ಬಾಗಿಲು ಕಾಣುತ್ತೆ, ನಮ್ಮೂರಿನ ಬಾಗಿಲು ಕಾಣಲ್ಲ. ನೂರು ವರ್ಷದ ಮೇಲಾದ್ರೂ ರೋಗ ಅದೇ.

ನಾನೂ ಹೈಸ್ಕೂಲಲ್ಲಿ ಒಂದು ಕ್ಯಾಂಪಿಗೆ ಹೋಗಿದ್ದೆ. ಯೂನಿಫಾರ್ಮು, ಸ್ಕಾರ್ಫು, ಬೆಲ್ಟು ಎಲ್ಲಾ ಸಾಲ ತಂದಿದ್ದು. 'ನೀನು ಸೌದೆ ತಾ, ನೀರು ಹೊತ್ತು ಹಾಕು, ಒಲೆ ಹತ್ರ ಬೇರೆಯವರು ಇರ್ತಾರೆ' ಅಂದ್ರು ಮೇಷ್ಟ್ರು. ರಾತ್ರಿ ಶಿಬಿರಾಗ್ನಿ ಸುತ್ತ ಕೂತು ನಾವೆಲ್ಲಾ ಒಂದೇ ಅಂತ ಹಾಡಿಸಿದ್ರು. ನಾನೂ ಹಾಡಿದೆ. ಉರೀತಿದ್ದ ಸೌದೆ ನಾನು ತಂದಿದ್ದೇ.

ಹಾಗಂತ ಜಾಂಬೂರಿ ಬೇಡ ಅಂತೀನಾ? ಖಂಡಿತ ಇಲ್ಲ. ಆರೆಂಟು ಮಕ್ಕಳು ಒಂದೇ ಟೆಂಟಲ್ಲಿ ಮಲಗಿ, ಒಂದೇ ಪಾತ್ರೆಯಲ್ಲಿ ಬೇಯಿಸಿ, ಒಟ್ಟಿಗೆ ಉಂಡು, ಒಟ್ಟಿಗೆ ತೊಳೆಯೋದು ಜಾತಿಗೆ ದೊಡ್ಡ ಪೆಟ್ಟು. ಅದು ನಿಜವಾಗಿ ನಡೀಲಿ ಅನ್ನೋದೇ ನನ್ನ ಜಗಳ.

ನಮ್ಮ ಒತ್ತಾಯ ಇಷ್ಟೇ. ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ, ನೆಲಮಂಗಲದ ಪ್ರತಿ ಎಸ್‌ಸಿ ಎಸ್‌ಟಿ ಹಾಸ್ಟೆಲ್ಲಿನಲ್ಲಿ ಸ್ಕೌಟ್ಸ್ ಗೈಡ್ಸ್ ದಳ ಶುರುವಾಗಲಿ. ಯೂನಿಫಾರ್ಮು, ಶಿಬಿರದ ಖರ್ಚು ಸರ್ಕಾರ ಕೊಡಲಿ. ಟೆಂಟಿಗೆ ಚೀಟಿ ಎತ್ತಿ ಮಕ್ಕಳನ್ನ ಹಂಚಲಿ. ಒಲೆ ಮುಂದೆ ಎಲ್ಲರ ಸರದಿ ಬರಲಿ, ಕಕ್ಕಸು ತೊಳೆಯೋದಕ್ಕೂ ಎಲ್ಲರ ಸರದಿ ಬರಲಿ.

ಒಂದು ಮಾತು ನಮ್ಮವರಿಗೂ. ಸ್ಕೌಟ್ಸ್‌ನವರು ಎಡಗೈ ಕುಲುಕ್ತಾರೆ. ನಮ್ಮಲ್ಲಿ ಎಡಗೈಯವರು ಬಲಗೈಯವರ ಮನೆಯಲ್ಲಿ ಹೆಣ್ಣು ಕೇಳೋದು ಎಷ್ಟು ಕಡೆ ಇದೆ? ಬೇರೆಯವರನ್ನ ಕೇಳೋ ಮುಂಚೆ ನಾವೂ ಉತ್ತರ ಹೇಳ್ಬೇಕು.

1949ರ ನವೆಂಬರ್ 25ರಂದು ಬಾಬಾಸಾಹೇಬರು ಎಚ್ಚರಿಸಿದ್ರು, ಬಂಧುತ್ವ ಇಲ್ಲದ ಸ್ವಾತಂತ್ರ್ಯ, ಸಮಾನತೆ ಮೇಲೆ ಬಳಿದ ಬಣ್ಣ ಅಷ್ಟೇ ಅಂತ. ಸಮುದ್ರ ದಾಟಿ ಬಂದವನ ಹೆಗಲ ಮೇಲೆ ಕೈ ಹಾಕೋದು ಸುಲಭ, ವಾರ ಕಳೆದರೆ ಅವನು ಹೊರಟುಹೋಗ್ತಾನೆ. ಕೇರಿಯ ಹುಡುಗ ನಾಳೆನೂ ಇಲ್ಲೇ ಇರ್ತಾನೆ. ಅವನ ಜೊತೆ ಉಣ್ಣಿ, ಆಮೇಲೆ ಸ್ಟೇಟಸ್ ಹಾಕಿ.

ಜೈಭೀಮ್.