ಕ್ಯಾಮ್ಡನ್‌ನಲ್ಲಿ ಮುದ್ರಿತವಾದ ಧೂಳು

1940ರ ಏಪ್ರಿಲ್ 26ರಂದು ನ್ಯೂಜೆರ್ಸಿಯ ಕ್ಯಾಮ್ಡನ್ ನಗರದಲ್ಲಿ, ಆರ್‌ಸಿಎ ವಿಕ್ಟರ್ ಕಂಪನಿಯ ಧ್ವನಿಮುದ್ರಣ ಕೊಠಡಿಯಲ್ಲಿ, ಇಪ್ಪತ್ತೇಳು ವರ್ಷದ ಗಾಯಕನೊಬ್ಬ ಗಿಟಾರು ಮತ್ತು ಹಾರ್ಮೋನಿಕಾ ಹಿಡಿದು ಹಾಡಲು ಕುಳಿತ. ಒಕ್ಲಹೋಮಾದ ವುಡಿ ಗಥ್ರಿ ನ್ಯೂಯಾರ್ಕಿಗೆ ಬಂದು ಆಗ ಎರಡು ತಿಂಗಳಷ್ಟೇ ಆಗಿತ್ತು. ಆ ಹಾಡುಗಳು ಜುಲೈನಲ್ಲಿ ‘ಡಸ್ಟ್ ಬೌಲ್ ಬ್ಯಾಲಡ್ಸ್’ ಎಂಬ ಹೆಸರಿನಲ್ಲಿ, ಮೂರು ಮೂರು ತಟ್ಟೆಗಳ ಎರಡು ಸಂಪುಟಗಳಾಗಿ ಹೊರಬಂದವು. ಹನ್ನೊಂದು ಹಾಡುಗಳಿಗೂ ವಸ್ತು ಒಂದೇ: ಬರ, ಧೂಳು, ಸಾಲ, ಗುಳೆ. ಒಂದೇ ಕಥನವನ್ನು ಆದ್ಯಂತ ಹಿಡಿದು ನಡೆಯುವ ಗೀತಸಂಪುಟಗಳಲ್ಲಿ ಇದು ಮೊದಲಿನವುಗಳಲ್ಲೊಂದು ಎಂದು ಸಂಗೀತದ ಚರಿತ್ರೆ ಬರೆದವರು ಎಣಿಸುತ್ತಾರೆ.

ಕ್ಯಾಮ್ಡನ್ ನಮಗೆ ದೂರದ ಊರಲ್ಲ. ಎಡಿಸನ್ನಿನಿಂದಲೋ ಪ್ಲೇನ್ಸ್‌ಬೊರೊದಿಂದಲೋ ಹೊರಟರೆ ಸುಮಾರು ಒಂದು ಗಂಟೆಯ ಹಾದಿ. ವಿಕ್ಟರ್ ಕಾರ್ಖಾನೆಯ ಗೋಪುರದಲ್ಲಿ ಬಣ್ಣದ ಗಾಜಿನ ನಾಯಿಯೊಂದು ಗ್ರಾಮಫೋನಿನ ಮುಂದೆ ಕಿವಿಗೊಟ್ಟು ಕುಳಿತಿದೆ. ಎಚ್‌ಎಂವಿ ತಟ್ಟೆಗಳ ಮೇಲೆ ನಮ್ಮ ಅಜ್ಜಂದಿರು ಕಂಡ ನಾಯಿಯೇ ಅದು. ಒಡೆಯನ ದನಿಯನ್ನು ಕೇಳುತ್ತಿರುವ ಪ್ರಾಣಿಯ ಆ ಮುದ್ರೆಯನ್ನು ಹೊತ್ತೇ ಒಡೆಯರಿಗೆ ಒಪ್ಪದ ಈ ಹಾಡುಗಳು ಮಾರುಕಟ್ಟೆಗೆ ಬಂದವು.

ವಿಪರ್ಯಾಸ ಅಲ್ಲಿಗೇ ಮುಗಿಯುವುದಿಲ್ಲ. ಇದೇ ಕ್ಯಾಮ್ಡನ್ ಕಾರ್ಖಾನೆಯಲ್ಲಿ 1936ರ ಬೇಸಿಗೆಯಲ್ಲಿ ವಿದ್ಯುತ್ ಮತ್ತು ರೇಡಿಯೊ ಕಾರ್ಮಿಕರ ಸಂಘ ದೊಡ್ಡ ಮುಷ್ಕರ ಹೂಡಿತ್ತು. ಸಂಘ ಬೇರೂರಿದ ಕೆಲವೇ ವರ್ಷಗಳಲ್ಲಿ ಕಂಪನಿ ರೇಡಿಯೊ ತಯಾರಿಕೆಯನ್ನು ಕಡಿಮೆ ಕೂಲಿಯ ಇಂಡಿಯಾನಾದ ಬ್ಲೂಮಿಂಗ್ಟನ್ನಿಗೆ ಒಯ್ಯತೊಡಗಿತು. ಅದೂ 1940ರಲ್ಲೇ. ಮುಂದೆ ಉತ್ಪಾದನೆ ಮೆಕ್ಸಿಕೋದ ಹುವಾರೆಸ್‌ವರೆಗೂ ಹೋಯಿತು. ನೆಲ ಕಳೆದುಕೊಂಡ ರೈತ ಕೆಲಸ ಹುಡುಕಿ ಹೊರಟ ಕಥೆಯನ್ನು ಮುದ್ರಿಸಿಕೊಂಡ ಕಂಪನಿ, ಅದೇ ವರ್ಷ ಕೆಲಸವನ್ನೇ ಬೇರೆ ಊರಿಗೆ ಹೊರಡಿಸಿತು. ನಮ್ಮಲ್ಲಿ ಅನೇಕರ ಉದ್ಯೋಗಗಳು ಇಂಥದೇ ಸಾಗಾಟದ ಫಲ ಎಂಬುದನ್ನು ಇಲ್ಲಿ ನೆನೆಯದಿದ್ದರೆ ಅಪ್ರಾಮಾಣಿಕತೆಯಾದೀತು.

ಗಥ್ರಿ ಸ್ವತಃ ಹೊಲ ಕಳೆದುಕೊಂಡ ರೈತನಲ್ಲ. ತಂದೆ ಜಮೀನಿನ ವ್ಯಾಪಾರ ಮಾಡಿ ಮುಳುಗಿದವರು. 1935ರ ಏಪ್ರಿಲ್ 14ರ ‘ಕಪ್ಪು ಭಾನುವಾರ’ದ ಧೂಳಿನ ಬಿರುಗಾಳಿಯನ್ನು ಅವನು ಟೆಕ್ಸಸ್‌ನ ಪ್ಯಾಂಪಾದಲ್ಲಿ ಕಣ್ಣಾರೆ ಕಂಡ, ಆಮೇಲೆ ಲಕ್ಷಾಂತರ ಜನರ ಜೊತೆ ಕ್ಯಾಲಿಫೋರ್ನಿಯಾದ ದಾರಿ ಹಿಡಿದ. ಧಾಟಿಗಳನ್ನು ಅವನು ಹೊಸದಾಗಿ ಕಟ್ಟಿದ್ದು ಕಡಿಮೆ. ಹಳೆಯ ಲಾವಣಿ, ಇಗರ್ಜಿಯ ಭಜನೆ, ಕಾರ್ಟರ್ ಕುಟುಂಬದ ತಟ್ಟೆಗಳು, ಹೀಗೆ ಜನರ ಕಿವಿಯಲ್ಲಿ ಆಗಲೇ ಇದ್ದುದನ್ನು ಎತ್ತಿಕೊಂಡ. ಈ ಲೋಕ ತನ್ನ ಮನೆಯಲ್ಲ, ನಿಜವಾದ ಮನೆ ಪರದಲ್ಲಿದೆ ಎನ್ನುವ ಒಂದು ಜನಪ್ರಿಯ ಭಜನೆಯಿತ್ತು. ಪುರಂದರದಾಸರ ಅದೇ ಭಾವದ ಪದವೊಂದನ್ನು ಕೇಳಿ ಬೆಳೆದ ನಮಗೆ ಅದರ ಸಮಾಧಾನ ಗೊತ್ತು. ಗಥ್ರಿ ಆ ಧಾಟಿಯನ್ನೇ ಇಟ್ಟುಕೊಂಡು ಪರಲೋಕವನ್ನು ಕೈಬಿಟ್ಟ: ತನಗೆ ಮನೆಯಿಲ್ಲದಿರುವುದು ದೈವೇಚ್ಛೆಯಿಂದಲ್ಲ, ಅದನ್ನು ಸಿರಿವಂತ ಕಿತ್ತುಕೊಂಡದ್ದರಿಂದ ಎಂದ. ವೈರಾಗ್ಯದ ಪದ ಒಂದೇ ಏಟಿಗೆ ಲೆಕ್ಕ ಕೇಳುವ ಪದವಾಯಿತು. ಇಡೀ ಸಂಪುಟದಲ್ಲಿ ನಮಗೆ ಅತಿ ಹತ್ತಿರದ್ದೆನಿಸುವುದು ಇದೇ ಹಾಡು.

‘ದೋ ರೇ ಮೀ’ ಎಂಬ ಇನ್ನೊಂದು ಹಾಡು ನಗಿಸುತ್ತದೆ. ಹಿನ್ನೆಲೆ ಮಾತ್ರ ನಗುವಂಥದ್ದಲ್ಲ. 1936ರಲ್ಲಿ ಲಾಸ್ ಏಂಜಲೀಸ್‌ನ ಪೊಲೀಸ್ ಮುಖ್ಯಸ್ಥ ನೂರಕ್ಕೂ ಹೆಚ್ಚು ಸಿಬ್ಬಂದಿಯನ್ನು ಕ್ಯಾಲಿಫೋರ್ನಿಯಾದ ಗಡಿಗಳಿಗೆ ಅಟ್ಟಿ, ಕೈಯಲ್ಲಿ ಕಾಸಿಲ್ಲದವರನ್ನು ಹಿಂದಕ್ಕೆ ಕಳಿಸಿದ. ತಮ್ಮದೇ ದೇಶದ ನಾಗರಿಕರನ್ನು! ಬಡವರನ್ನು ರಾಜ್ಯದೊಳಕ್ಕೆ ಕರೆತರುವುದನ್ನು ಅಪರಾಧವಾಗಿಸಿದ್ದ ಕಾನೂನನ್ನು ಸುಪ್ರೀಂ ಕೋರ್ಟ್ ತಳ್ಳಿಹಾಕಿದ್ದು 1941ರಲ್ಲಿ. 2020ರ ಮೇ ತಿಂಗಳಲ್ಲಿ ನಮ್ಮ ಕರ್ನಾಟಕದಲ್ಲಿ ನಡೆದದ್ದು ಇದರ ತಲೆಕೆಳಗಾದ ರೂಪ. ಕಟ್ಟಡ ಉದ್ಯಮಿಗಳೊಡನೆ ಸಭೆ ನಡೆದ ಬೆನ್ನಿಗೇ ಸರ್ಕಾರ ವಲಸೆ ಕಾರ್ಮಿಕರ ರೈಲುಗಳನ್ನು ರದ್ದುಗೊಳಿಸಿತು; ದೇಶವೆಲ್ಲ ಛೀಮಾರಿ ಹಾಕಿದ ಮೇಲೆ ಮತ್ತೆ ಬಿಟ್ಟಿತು. ಒಳಗೆ ಬರಬೇಡವೆನ್ನುವುದು, ಹೊರಗೆ ಹೋಗಬೇಡವೆನ್ನುವುದು, ಎರಡರಲ್ಲೂ ಕೇಳಿಸುವುದು ಕೂಲಿಯ ಲೆಕ್ಕಾಚಾರವೇ. ರಾಯಚೂರು, ಯಾದಗಿರಿ, ಕಲಬುರಗಿಗಳಿಂದ ಬೆಂಗಳೂರಿಗೆ ಗುಳೆ ಬಂದು ನಾವು ಊರಿಗೆ ಹೋದಾಗ ಇಳಿದುಕೊಳ್ಳುವ ಅಪಾರ್ಟ್‌ಮೆಂಟುಗಳನ್ನು ಕಟ್ಟಿದವರ ಬಾಯಲ್ಲಿ ಎಂಥ ಹಾಡುಗಳಿವೆ? ಸೋಬಾನೆ, ಬೀಸುವ ಪದಗಳನ್ನು ಸಂಗ್ರಹಿಸಿದ ನಮ್ಮ ಜಾನಪದ ವಿದ್ವತ್ತು ನೀಲಿ ತಗಡಿನ ಶೆಡ್ಡುಗಳೊಳಕ್ಕೆ ಹೊಕ್ಕದ್ದು ಕಡಿಮೆ.

ಈ ಸಂಪುಟವನ್ನು ಪೂಜಿಸಬೇಕಾಗಿಲ್ಲ. ಅದರ ವಲಸಿಗರು ಹೆಚ್ಚುಕಡಿಮೆ ಎಲ್ಲರೂ ಬಿಳಿಯರು. ಅದೇ ದಶಕದಲ್ಲಿ ರೈಲು ಹತ್ತಿಸಿ ಗಡಿಯಾಚೆ ಕಳಿಸಲಾದ ಮೆಕ್ಸಿಕನ್ ಮೂಲದ ಕುಟುಂಬಗಳಾಗಲಿ, ಜಮೀನ್ದಾರರು ಒಕ್ಕಲೆಬ್ಬಿಸಿದ ಕಪ್ಪು ಗೇಣಿದಾರರಾಗಲಿ ಅಲ್ಲಿ ಕಾಣಿಸುವುದಿಲ್ಲ. ಗಥ್ರಿ 1937ರಲ್ಲಿ ರೇಡಿಯೊದಲ್ಲಿ ಜನಾಂಗನಿಂದೆಯ ಪದವನ್ನು ನಿಸ್ಸಂಕೋಚವಾಗಿ ಬಳಸಿ, ಕಪ್ಪು ಕೇಳುಗನೊಬ್ಬ ಪತ್ರ ಬರೆದು ಖಂಡಿಸಿದ ಮೇಲೆ ಕ್ಷಮೆ ಕೇಳಿದವನು. ಅವನು ಅಲ್ಲಿಂದ ನಡೆದು ಬಂದ ದೂರ ದೊಡ್ಡದು. 1948ರಲ್ಲಿ ವಿಮಾನಾಪಘಾತದಲ್ಲಿ ಸತ್ತ ಮೆಕ್ಸಿಕನ್ ಕೃಷಿ ಕಾರ್ಮಿಕರ ಹೆಸರುಗಳನ್ನು ಸುದ್ದಿಯಲ್ಲಿ ಹೇಳದೆ ಬಿಟ್ಟದ್ದಕ್ಕೆ ಸಿಟ್ಟಾಗಿ ಪದ್ಯ ಬರೆದ. ಐವತ್ತರ ದಶಕದ ಆರಂಭದಲ್ಲಿ ಬ್ರೂಕ್ಲಿನ್‌ನ ತನ್ನ ಬಾಡಿಗೆ ಮನೆಯ ಮಾಲೀಕ ಫ್ರೆಡ್ ಟ್ರಂಪ್‌ನ ವರ್ಣಭೇದದ ವಿರುದ್ಧವೂ ಬರೆದ. ಆದರೂ 1940ರ ತಟ್ಟೆಗಳಲ್ಲಿನ ಮೌನ ಮೌನವೇ.

ಆ ಮೌನದ ಮಾತು ಬಂದಾಗ ನಮ್ಮ ಅಂಗಳವೂ ನೆನಪಾಗಬೇಕು. 2021ರ ಮೇ ತಿಂಗಳಲ್ಲಿ ನ್ಯೂಜೆರ್ಸಿಯ ರಾಬಿನ್ಸ್‌ವಿಲ್‌ನಲ್ಲಿ ಭವ್ಯ ದೇವಾಲಯವೊಂದರ ನಿರ್ಮಾಣಕ್ಕೆ ಭಾರತದಿಂದ ಕರೆತಂದಿದ್ದ ಕೆಲಸಗಾರರು, ಅವರಲ್ಲಿ ಅನೇಕರು ದಲಿತರು, ತಮಗೆ ಗಂಟೆಗೆ ಸುಮಾರು 1.20 ಡಾಲರ್ ಕೊಟ್ಟು ದುಡಿಸಲಾಯಿತೆಂದು ಫೆಡರಲ್ ನ್ಯಾಯಾಲಯದಲ್ಲಿ ದಾವೆ ಹೂಡಿದರು. ಸಂಸ್ಥೆ ಆರೋಪಗಳನ್ನು ನಿರಾಕರಿಸಿತು. ನ್ಯಾಯಾಲಯದ ತೀರ್ಮಾನ ನ್ಯಾಯಾಲಯದ್ದು. ನಮ್ಮ ಪ್ರಶ್ನೆ ಬೇರೆ: ಆ ಸುದ್ದಿ ಬಂದ ವಾರ ನಮ್ಮ ವಾಟ್ಸಾಪ್ ಗುಂಪುಗಳಲ್ಲಿ ಕೆಲಸಗಾರರ ಬಗ್ಗೆ ಎಷ್ಟು ಮಾತಾಯಿತು, ‘ನಮ್ಮವರ ಮರ್ಯಾದೆ’ಯ ಬಗ್ಗೆ ಎಷ್ಟು?

ಅದೇ ವರ್ಷದ ಶರತ್ಕಾಲದಲ್ಲಿ ಹಡ್ಸನ್ ನದಿಯಾಚೆ ನ್ಯೂಯಾರ್ಕಿನ ಟ್ಯಾಕ್ಸಿ ಚಾಲಕರು ಸಿಟಿ ಹಾಲ್ ಎದುರು ಕುಳಿತಿದ್ದರು. ಮೆಡಾಲಿಯನ್ ಪರವಾನಗಿಗೆ ಲಕ್ಷಗಟ್ಟಲೆ ಡಾಲರ್ ಸಾಲ ಮಾಡಿ, ಅದರ ಬೆಲೆ ಕುಸಿದಾಗ ಮುಳುಗಿದವರು. ಹಲವರು ದಕ್ಷಿಣ ಏಷ್ಯಾದವರು. 2018ರಲ್ಲಿ ಅವರ ನಡುವೆ ಆತ್ಮಹತ್ಯೆಗಳು ನಡೆದಿದ್ದವು. ಭೈರವಿ ದೇಸಾಯಿ ನೇತೃತ್ವದ ಚಾಲಕರ ಸಂಘ ಹದಿನೈದು ದಿನ ಉಪವಾಸ ಕೂತು, ಸಾಲವನ್ನು 1,70,000 ಡಾಲರಿಗೆ ಇಳಿಸುವ ಒಪ್ಪಂದ ಪಡೆಯಿತು. ಸಾಲಕ್ಕೆ ಕೊರಳೊಡ್ಡಿದ ಮಂಡ್ಯದ ರೈತನ ಮನೆ ಕಂಡವರಿಗೆ ಈ ಕಥೆಗೆ ಅಡಿಟಿಪ್ಪಣಿ ಬೇಕಿಲ್ಲ. ಹಾಡು ಬೇಕು.

ಹಾಡು ಕಟ್ಟುವ ವಿದ್ಯೆ ನಮಗೆ ಹೊಸದೂ ಅಲ್ಲ. 1975ರಲ್ಲಿ ಸಿದ್ಧಲಿಂಗಯ್ಯನವರ ‘ಹೊಲೆಮಾದಿಗರ ಹಾಡು’ ಬಂದಾಗ ಅದು ಪುಸ್ತಕದಲ್ಲಿ ಉಳಿಯಲಿಲ್ಲ. ದಲಿತ ಸಂಘರ್ಷ ಸಮಿತಿಯ ಸಭೆಗಳಲ್ಲಿ, ಕೇರಿಗಳಲ್ಲಿ, ತಮಟೆಯ ಜೊತೆ ನಡೆದಾಡಿತು. ‘ಸಮುದಾಯ’ದ ಜಾಥಾಗಳು ಹಾಡನ್ನೂ ಬೀದಿ ನಾಟಕವನ್ನೂ ಹಳ್ಳಿಗಳಿಗೆ ಹೊತ್ತವು. ಈ ಪರಂಪರೆಯಲ್ಲಿ ಬೆಳೆದ ಹಲವರು ಇಂದು ಈ ಮೂರು ರಾಜ್ಯಗಳ ಸೀಮೆಯಲ್ಲಿದ್ದಾರೆ. ಆದರೆ ನಮ್ಮ ರಾಜ್ಯೋತ್ಸವದ ವೇದಿಕೆಗಳಲ್ಲಿ ಆ ಹಾಡುಗಳು ಅಪರೂಪ. ಭಾವಗೀತೆಯನ್ನು ನಾವೂ ಪ್ರೀತಿಸುತ್ತೇವೆ. ಹಾಗೆಂದು ನವೆಂಬರ್ ತುಂಬ ಅದೊಂದೇ ಆಗಬೇಕೆ?

‘ಡಸ್ಟ್ ಬೌಲ್ ಬ್ಯಾಲಡ್ಸ್’ ಹೆಚ್ಚು ಮಾರಾಟವಾಗಲಿಲ್ಲ. ವಿಕ್ಟರ್ ಅದನ್ನು ಮರುಮುದ್ರಿಸಲು ಮನಸ್ಸು ಮಾಡದಿದ್ದಾಗ, 1950ರಲ್ಲಿ ನ್ಯೂಯಾರ್ಕಿನ ಮೋಸಸ್ ಆಶ್ ಎಂಬ ಯಹೂದಿ ವಲಸಿಗ ತನ್ನ ಪುಟ್ಟ ಫೋಕ್‌ವೇಸ್ ಕಂಪನಿಯಿಂದ ಹೊರತಂದ. ಹಾಡಿದವನು ಆಮೇಲೆ ಹಂಟಿಂಗ್ಟನ್ ಕಾಯಿಲೆಯಿಂದ ನರಳುತ್ತ 1956ರಿಂದ ಐದು ವರ್ಷ ನಮ್ಮ ಪಾರ್ಸಿಪನಿಯ ಪಕ್ಕದ ಗ್ರೇಸ್ಟೋನ್ ಆಸ್ಪತ್ರೆಯಲ್ಲಿದ್ದ. ಅಷ್ಟರಲ್ಲಿ ಆ ತಟ್ಟೆಗಳು ಹೊಸ ತಲೆಮಾರಿನ ಕೈ ಸೇರಿದ್ದವು. ಆಶ್‌ನಂಥ ಒಬ್ಬ ಇಟ್ಟುಕೊಂಡದ್ದರಿಂದ ಅವು ಇದ್ದವು.

ಈ ಪತ್ರಿಕೆಯ ಕೈಲಿ ಧ್ವನಿಮುದ್ರಣ ಶಾಲೆಯಿಲ್ಲ, ಓದುಗರ ಕೈಲಿ ಫೋನುಗಳಿವೆ. ಚಳವಳಿಯ ಹಾಡು ಬಲ್ಲವರು ಹಾಡಿ ಕಳಿಸಿ. ಅಮ್ಮನೋ ಚಿಕ್ಕಪ್ಪನೋ ಬಲ್ಲವರಾಗಿದ್ದರೆ ಈ ಬೇಸಿಗೆಯಲ್ಲಿ ಊರಿಗೆ ಹೋದಾಗ ಅವರನ್ನು ಕೂರಿಸಿ ಹಾಡಿಸಿ. ಯಾರ ರಚನೆ, ಯಾವ ಊರು, ಯಾವ ಹೋರಾಟದಲ್ಲಿ ಮೊದಲು ಕೇಳಿದ್ದು ಎಂಬುದನ್ನು ಹಾಡಿಗೆ ಮುಂಚೆ ಅವರ ಬಾಯಲ್ಲೇ ಹೇಳಿಸಿ. ಹಿಂದೆ ಕುಕ್ಕರ್ ಕೂಗಿದರೂ ಅಡ್ಡಿಯಿಲ್ಲ.