ಹಿತ್ತಿಲ ಕೈತೋಟವೂ ಗ್ರಾಮದ ಮುಖಂಡರೂ

ಹಿತ್ತಲ ಗಿಡ ಮದ್ದಲ್ಲವೆಂಬ ಗಾದೆಯು ಗಿಡದ ದೋಷವನ್ನಲ್ಲ, ನೋಡುವವರ ಅಲಕ್ಷ್ಯವನ್ನು ಹೇಳುತ್ತದೆ. ಹೊಲದ ಬೆಳೆಗೆ ರೋಗ ಬಂದರೆ ನಾಲ್ಕು ಕಡೆ ವಿಚಾರಿಸುವ ಭೂಮಾಲೀಕರು, ಹಿತ್ತಿಲ ಬದನೆ ಬಾಡಿದರೆ ದೃಷ್ಟಿ ತಾಗಿತೆಂದೋ ಬೀಜ ಕೆಟ್ಟದ್ದೆಂದೋ ಹೇಳಿ ಸುಮ್ಮನಾಗುವರು; ಇಲ್ಲವೆ ಹತ್ತಿಗೆ ತಂದು ಉಳಿದ ಕೀಟನಾಶಕವನ್ನೇ ಸೊಪ್ಪಿನ ಮಡಿಗೂ ಎರಚಿಸುವರು. ಮೊದಲನೆಯದು ಉದಾಸೀನ, ಎರಡನೆಯದು ಅಪಾಯ. ಔಷಧಿ ಹೊಡೆದ ಬಳಿಕ ಕೊಯ್ಲಿಗೆ ಇಂತಿಷ್ಟು ದಿವಸ ಕಾಯಬೇಕೆಂಬ ನಿಯಮವುಂಟು. ಹಿತ್ತಿಲ ಸೊಪ್ಪಾದರೋ ಮರುದಿನವೇ ಮಕ್ಕಳ ತಟ್ಟೆಗೆ ಬರುವುದು.

ಕೈತೋಟದ ತೊಂದರೆಗಳಲ್ಲಿ ಬಹುಪಾಲು ಆರೈಕೆಯ ತಪ್ಪಿನಿಂದ ಹುಟ್ಟುವುವು. ಬಚ್ಚಲ ನೀರನ್ನೆಲ್ಲ ಒಂದೇ ಕಡೆಗೆ ಹರಿಯಬಿಟ್ಟರೆ ಮಣ್ಣಿನೊಳಗೆ ಗಾಳಿಯಾಡದೆ ಬೇರು ಕೊಳೆತು, ಎಲೆ ಹಳದಿಯಾಗುವುದು. ಇದನ್ನು ನೀರಿನ ಕೊರತೆಯೆಂದು ತಿಳಿದು ಮತ್ತಷ್ಟು ನೀರೆರೆಯುವವರುಂಟು. ಎರಡು ಅಂಗುಲ ಆಳಕ್ಕೆ ಬೆರಳಿಟ್ಟು, ತೇವವಿಲ್ಲದಿದ್ದರೆ ಮಾತ್ರ ನೀರು ಕೊಡತಕ್ಕದ್ದು. ಬೀಜವನ್ನು ಒತ್ತಾಗಿ ಚೆಲ್ಲಿದ ಕಡೆ ಎಳೆಯ ಸಸಿಗಳು ಬುಡ ಕೊಳೆತು ಮಗುಚಿಕೊಳ್ಳುವುವು. ಏರುಮಡಿ ಕಟ್ಟಿ ತೆಳುವಾಗಿ ಬಿತ್ತುವುದೇ ಇದಕ್ಕೆ ಪರಿಹಾರ. ಹಸಿ ಸಗಣಿಯು ಗೆದ್ದಲನ್ನೂ ಗೊಣ್ಣೆಹುಳುವನ್ನೂ ಕರೆತರುವುದಾದ್ದರಿಂದ ಚೆನ್ನಾಗಿ ಕಳಿತ ಗೊಬ್ಬರವನ್ನೇ ಹಾಕಬೇಕು.

ಹುಳುವಿನ ಬಾಧೆಗೂ ಕಾರಣವನ್ನರಿತೇ ಕೈಹಾಕುವುದು ವಿಹಿತ. ಬದನೆಯ ತುದಿಕುಡಿ ಮಾತ್ರ ಜೋತುಬಿದ್ದರೆ ಒಳಗೆ ಕೊರೆಯುವ ಹುಳುವಿದೆಯೆಂದು ತಿಳಿದು, ಕುಡಿಯನ್ನು ಹುಳುಸಹಿತ ಕತ್ತರಿಸಿ ಸುಡಬೇಕು. ಹಸಿರಾಗಿದ್ದ ಇಡೀ ಗಿಡವೇ ಒಮ್ಮೆಗೆ ಬಾಡಿದರೆ ಅದು ಮಣ್ಣಿನಿಂದ ಬಂದ ಸೊರಗುರೋಗವಾಗಿರಬಹುದು. ಗಿಡವನ್ನು ಕಿತ್ತು ಸುಟ್ಟು, ಆ ಮಡಿಯಲ್ಲಿ ಬದನೆ, ಟೊಮ್ಯಾಟೊ, ಮೆಣಸಿನಕಾಯಿಗಳನ್ನು ಕೆಲಕಾಲ ನೆಡದಿರುವುದು ಲೇಸು. ಅವರೆ, ಅಲಸಂದೆಗಳ ಕುಡಿಗೆ ಹೇನು ಮುತ್ತಿದರೆ, ಮುಂಜಾನೆ ಇಬ್ಬನಿಯಿರುವಾಗ ಒಲೆಯ ಬೂದಿಯನ್ನು ಉದುರಿಸಬಹುದು. ಬೇವಿನ ಬೀಜ 50 ಗ್ರಾಂ ಕುಟ್ಟಿ, 1 ಲೀಟರು ನೀರಿನಲ್ಲಿ ರಾತ್ರಿಯೆಲ್ಲ ನೆನೆಯಿಟ್ಟು, ಸೋಸಿ, ಚೂರು ಸಾಬೂನು ಕದಡಿ ಸಂಜೆಯ ವೇಳೆ ಎಲೆಯ ಅಡಿಭಾಗ ತೋಯುವಂತೆ ಸಿಂಪಡಿಸುವುದು ಇನ್ನೂ ಉತ್ತಮ. ಬೆಂಡೆಯ ಹಳದಿ ನಂಜುರೋಗದಂಥವಕ್ಕೆ ಮಾತ್ರ ಈ ಉಪಾಯಗಳು ಸಾಲವು. ರೋಗಿ ಗಿಡವನ್ನು ಕಂಡೊಡನೆ ಕೀಳುವುದೇ ಉಳಿದವುಗಳ ರಕ್ಷಣೆ.

ಕಾರಣವರಿತು ಕಾಲಕ್ಕೆ ಸರಿಯಾಗಿ ಮಾಡಿದ ಆರೈಕೆಯ ಫಲಕ್ಕೆ ಅಡಿಕೆಯ ಕೊಳೆರೋಗವೇ ಸಾಕ್ಷಿ. 1908ರಲ್ಲಿ ಮೈಸೂರು ಸಂಸ್ಥಾನಕ್ಕೆ ಬಂದ ಲೆಸ್ಲಿ ಕೋಲ್ಮನ್ನರು ಆ ರೋಗದ ಮೂಲವನ್ನು ಶೋಧಿಸಿ, ಮೈಲುತುತ್ತ, ಸುಣ್ಣಗಳ ಬೋರ್ಡೊ ದ್ರಾವಣವನ್ನು ಗೊನೆಗಳಿಗೆ ಸಿಂಪಡಿಸುವ ಕ್ರಮವನ್ನು ಬಳಕೆಗೆ ತಂದರು. ಮಳೆ ಹಿಡಿಯುವ ಮುನ್ನವೇ ಸಿಂಪಡಿಸುವ ಆ ಪದ್ಧತಿಯು ಮಲೆನಾಡಿನ ತೋಟಗಳಲ್ಲಿ ಇಂದಿಗೂ ನಡೆದಿದೆ.

ಗ್ರಾಮಸ್ಥರು ಉಪದೇಶಕ್ಕಿಂತ ಕಣ್ಣೆದುರಿನ ದೃಷ್ಟಾಂತವನ್ನು ಹೆಚ್ಚಾಗಿ ನಂಬುವರು. ಮುಖಂಡರ ಹಿತ್ತಿಲಲ್ಲಿ ಮಡಿಗಳು ಚೊಕ್ಕಟವಾಗಿದ್ದು, ಹೊಲದ ವಿಷದ ಡಬ್ಬಿ ಅಲ್ಲಿಗೆ ಬಾರದಿದ್ದರೆ, ಅಕ್ಕಪಕ್ಕದ ಹತ್ತು ಮನೆಗಳವರು ತಾವಾಗಿಯೇ ಅನುಸರಿಸುವರು. ಇದಕ್ಕೆ ಬೇಕಾದುದು ಹಣವಲ್ಲ. ದಿನಕ್ಕೊಮ್ಮೆ ಹಿತ್ತಿಲ ಬಾಗಿಲು ತೆರೆದು ಗಿಡದ ಬುಡವನ್ನೂ ಎಲೆಯ ಅಡಿಯನ್ನೂ ನೋಡುವಷ್ಟು ಶ್ರದ್ಧೆ. ಊರಿನ ಮಕ್ಕಳ ಆರೋಗ್ಯದ ದೃಷ್ಟಿಯಿಂದ ಮುಖಂಡರು ಇಷ್ಟನ್ನು ಮಾಡುವುದು ಅತ್ಯವಶ್ಯಕವಾಗಿದೆ.